‘ಜರ್ಮನ್’: ಹೆಸರೊಂದರ ಅರ್ಥ ಮತ್ತು ಮೂಲ

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯ ಹೆಸರನ್ನು ಬಿಡಿಸಲು ನಿಘಂಟು ಬೇಕಿಲ್ಲ. ‘ಲಿಂಗ’ ಮತ್ತು ‘ಹಳ್ಳಿ’ ಎಂಬ ಎರಡು ಪದಗಳು ಕೂಡಿ ಆ ಹೆಸರಾಗಿದೆ. ಊರಿನವರ ನುಡಿಯಲ್ಲೇ ಅದರ ಅರ್ಥವೂ ಇದೆ. ಆದರೆ ಕನ್ನಡಕ್ಕೆ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಅವರ ಜನರ ಹೆಸರು ಹಾಗಲ್ಲ. ‘ಜರ್ಮನ್’ ಎಂಬುದು ಅನ್ಯರು ಕೊಟ್ಟ ಹೆಸರು. ಅದರ ಮೂಲಾರ್ಥದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಅನ್ಯರಿಟ್ಟ ಹೆಸರು

ರೈನ್ ನದಿಯಾಚೆಯ ಬುಡಕಟ್ಟುಗಳನ್ನು ‘ಗೆರ್ಮಾನಿ’ ಎಂದು ಕರೆದು ಆ ಹೆಸರಿಗೆ ಪ್ರಚಾರ ನೀಡಿದವನು ರೋಮನ್ ಸೇನಾನಿ ಜೂಲಿಯಸ್ ಸೀಸರ್. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ. ಇದು ಕೆಲ್ಟಿಕ್ ಭಾಷೆಯ ಪದವಾಗಿದ್ದು, ‘ನೆರೆಯವರು’ ಅಥವಾ ‘ಕೂಗುವವರು’ ಎಂಬ ಅರ್ಥವಿದ್ದಿರಬೇಕೆಂಬುದು ಒಂದು ಊಹೆ. ‘ಭರ್ಜಿ ಹಿಡಿದವರು’ ಎಂಬ ವಿವರಣೆಯನ್ನು ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಲ್ಯಾಟಿನ್‌ನಲ್ಲಿ ‘ಒಡಹುಟ್ಟಿದ’ ಎಂಬರ್ಥದ ‘ಗೆರ್ಮಾನುಸ್’ ಪದವೂ ಉಂಟು. ಅದು ಬೇರೆ ಮೂಲದ್ದೆಂಬ ಅಭಿಪ್ರಾಯವೇ ಪ್ರಬಲವಾಗಿದೆ.

ಜರ್ಮನರು ತಮ್ಮನ್ನು ಕರೆದುಕೊಳ್ಳುವುದು ‘ಡಾಯ್ಚ್’ ಎಂದು. ‘ಜನರ’, ‘ಜನಸಾಮಾನ್ಯರ ನುಡಿಯ’ ಎಂಬುದು ಅದರ ಮೂಲಾರ್ಥ. ಫ್ರೆಂಚರು ಅಲಮಾನಿ ಎಂಬ ಒಂದೇ ಬುಡಕಟ್ಟಿನ ಹೆಸರನ್ನು ಇಡೀ ಜನಾಂಗಕ್ಕೆ ಅನ್ವಯಿಸಿದರು. ರಷ್ಯನ್ ಭಾಷೆಯ ‘ನೇಮೆತ್ಸ್’ ಪದಕ್ಕೆ ‘ಮೂಕ’ ಎಂಬ ಪದದೊಡನೆ ನಂಟಿದೆ. ತಮ್ಮ ಭಾಷೆ ಬಾರದವರು ಎಂಬುದು ಅದರ ಇಂಗಿತ.

ಶರ್ಮನಿಗೆ ಸಂಬಂಧವಿಲ್ಲ

‘ಶರ್ಮ’ ಪದವೇ ‘ಜರ್ಮನ್’ ಆಯಿತೆಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಭಾಷಾವಿಜ್ಞಾನದ ಆಧಾರವಿಲ್ಲ. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ತಮ್ಮ ನಾಡನ್ನು ಸಂಸ್ಕೃತದಲ್ಲಿ ‘ಶಾರ್ಮಣ್ಯ ದೇಶ’ ಎಂದು ಬರೆದುಕೊಂಡರು. ಅದು ಹತ್ತೊಂಬತ್ತನೆಯ ಶತಮಾನದ ಸಂಸ್ಕೃತೀಕರಣವೇ ಹೊರತು ಪದದ ಮೂಲವಲ್ಲ. ಕನ್ನಡದ ‘ಜರ್ಮನ್’, ‘ಜರ್ಮನಿ’ ರೂಪಗಳು ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿವೆ.

ಕನ್ನಡ ನಾಡಿನ ‘ಜರ್ಮನರು’

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಸಂಸ್ಥೆಯ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲಿ ಅನೇಕರು ಜರ್ಮನ್ ಭಾಷಿಕ ರಾಜ್ಯಗಳವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗ್ ರಾಜ್ಯದವರು. 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟೆಲ್ ಹುಟ್ಟಿದ ಊರು ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಇಬ್ಬರೂ ಭಾರತಕ್ಕೆ ಬಂದಾಗ ಜರ್ಮನಿ ಒಂದು ಏಕೀಕೃತ ರಾಷ್ಟ್ರವಾಗಿರಲಿಲ್ಲ. ಅದು ರೂಪುಗೊಂಡದ್ದು 1871ರಲ್ಲಿ.

ಹೆಸರೇ ಅಪರಾಧವಾದಾಗ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಭಾರತದಲ್ಲಿ ‘ಜರ್ಮನ್’ ಎಂದರೆ ‘ಶತ್ರು ದೇಶದವನು’ ಎಂದಾಯಿತು. ಮಿಷನ್ನಿನ ಅನೇಕ ಜರ್ಮನ್ ಪಾದ್ರಿಗಳನ್ನು ಬಂಧನ ಶಿಬಿರಗಳಲ್ಲಿ ಇರಿಸಿ, ನಂತರ ಸ್ವದೇಶಕ್ಕೆ ಕಳುಹಿಸಲಾಯಿತು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿದ್ದ ಹೆಂಚಿನ ಕಾರ್ಖಾನೆಯೂ ಸೇರಿದಂತೆ ಸಂಸ್ಥೆಯ ಉದ್ಯಮಗಳು ಅದರ ಕೈತಪ್ಪಿ, ಕಾಮನ್‌ವೆಲ್ತ್ ಟ್ರಸ್ಟ್‌ನ ವಶವಾದವು. ಸಾವಿರಾರು ಮನೆಗಳಿಗೆ ಸೂರು ಒದಗಿಸಿದ ಸಂಸ್ಥೆಗೆ ಅದರ ಕೆಲಸಗಾರರ ಜನಾಂಗದ ಹೆಸರೇ ಮುಳುವಾಯಿತು.

ಅಡುಗೆಮನೆಯಲ್ಲಿ

ಇದೇ ಪದ ಲೋಹದ ಹೆಸರಾಗಿಯೂ ಬಳಕೆಗೆ ಬಂದಿದೆ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಇರುವುದಿಲ್ಲ, ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಚೀನಾದ ಇಂತಹುದೇ ಮಿಶ್ರಲೋಹವನ್ನು ಅನುಕರಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ತಯಾರಕರು ಇದನ್ನು ರೂಪಿಸಿದ್ದರಿಂದ ಆ ಹೆಸರು ಬಂತು. ಉತ್ತರ ಕರ್ನಾಟಕದಲ್ಲಿ ಅಲ್ಯುಮಿನಿಯಂ ಪಾತ್ರೆಯನ್ನೂ ‘ಜರ್ಮನ್ ಪಾತ್ರೆ’ ಎನ್ನುವ ರೂಢಿಯಿದೆ. ಅಲ್ಲಿ ಈ ಪದ ದೇಶವನ್ನೂ ಸೂಚಿಸುವುದಿಲ್ಲ, ಜನರನ್ನೂ ಸೂಚಿಸುವುದಿಲ್ಲ. ಹಗುರವಾದ, ಬಿಳಿಯ ಲೋಹ ಎಂದಷ್ಟೇ ಅದರ ಅರ್ಥ.