ಭೂಗೋಳಕ್ಕೆ ಕಾಲೇಜಿನಲ್ಲಿ ಜಾಗವೆಲ್ಲಿ?

1887ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು 26 ವರ್ಷದ ಹಾಲ್‌ಫರ್ಡ್ ಮ್ಯಾಕಿಂಡರ್ ಎಂಬ ತರುಣನನ್ನು ಭೂಗೋಳದ ರೀಡರ್ ಆಗಿ ನೇಮಿಸಿತು. ಸಂಬಳ ವರ್ಷಕ್ಕೆ 300 ಪೌಂಡು, ಅವಧಿ ಐದು ವರ್ಷ. ಆ ಹಣದಲ್ಲೂ ಒಂದು ಪಾಲನ್ನು ವಿಶ್ವವಿದ್ಯಾಲಯ ಕೊಡಲಿಲ್ಲ, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಭರಿಸಿತು. ಮೊದಲ ಉಪನ್ಯಾಸಕ್ಕೆ ಬಂದವರು ಮೂವರು ಎಂದು ಮ್ಯಾಕಿಂಡರ್ ಮುಂದೆ ನೆನಪಿಸಿಕೊಂಡಿದ್ದಾನೆ. ಒಬ್ಬರು ಅಲ್ಲಿನ ಅಧ್ಯಾಪಕರು. ಪ್ರವಾಸಿ ಕೈಪಿಡಿಯೊಂದನ್ನು ಮೊದಲಿಂದ ಕೊನೆಯವರೆಗೆ ಓದಿದ್ದರಿಂದ ಸ್ವಿಟ್ಜರ್ಲೆಂಡಿನ ಭೂಗೋಳ ತಮಗೆ ಗೊತ್ತು ಎಂದರಂತೆ. ಉಳಿದಿಬ್ಬರು ಹೆಂಗಸರು, ಹೆಣಿಗೆಯ ಕೆಲಸವನ್ನೂ ಜೊತೆಗೆ ತಂದಿದ್ದರು.

ಆಗ ಬ್ರಿಟನ್ ಜಗತ್ತಿನ ಅತಿದೊಡ್ಡ ಸಾಮ್ರಾಜ್ಯ. ಅದರ ಸೈನಿಕರು, ವ್ಯಾಪಾರಿಗಳು, ಮೋಜಣಿದಾರರು ಎಲ್ಲ ಖಂಡಗಳಲ್ಲೂ ಓಡಾಡುತ್ತಿದ್ದರು. ಹೀಗಿದ್ದೂ ಆ ದೇಶದ ಹಳೆಯ ವಿಶ್ವವಿದ್ಯಾಲಯದಲ್ಲಿ ಭೂಗೋಳ ಕೇಳಲು ವಿದ್ಯಾರ್ಥಿಗಳಿರಲಿಲ್ಲ. ಕಾರಣ ಸರಳ: ಅದಕ್ಕೆ ಪದವಿ ಇರಲಿಲ್ಲ. ಪರೀಕ್ಷೆಯಲ್ಲಿ ಅಂಕ ತಾರದ ವಿಷಯಕ್ಕೆ ಯಾರು ತಾನೇ ಬಂದು ಕೂರುತ್ತಾರೆ?

ಭೂಗೋಳವೆಂದರೆ ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ನದಿಗಳ, ರಾಜಧಾನಿಗಳ, ಬಂದರುಗಳ ಪಟ್ಟಿ ಎಂಬ ಭಾವನೆ ಇಂಗ್ಲೆಂಡಿನಲ್ಲಿ ಗಟ್ಟಿಯಾಗಿತ್ತು. ಜರ್ಮನಿಯಲ್ಲಿ ಪರಿಸ್ಥಿತಿ ಬೇರೆ. ಬರ್ಲಿನ್ನಿನಲ್ಲಿ ಕಾರ್ಲ್ ರಿಟ್ಟರ್ 1820ರ ಸುಮಾರಿಗೇ ಭೂಗೋಳ ಬೋಧಿಸತೊಡಗಿದ್ದ. ಫ್ರಾನ್ಸಿನ ಮೇಲಿನ ಯುದ್ಧ ಗೆದ್ದ ಕೆಲವೇ ವರ್ಷಗಳಲ್ಲಿ, 1874ರಲ್ಲಿ, ಪ್ರಷ್ಯಾದ ಸರ್ಕಾರ ತನ್ನ ವಿಶ್ವವಿದ್ಯಾಲಯಗಳಲ್ಲಿ ಭೂಗೋಳದ ಪೀಠಗಳನ್ನು ಸ್ಥಾಪಿಸಲು ತೀರ್ಮಾನಿಸಿತು. ಇಂಗ್ಲೆಂಡ್ ಎಷ್ಟು ಹಿಂದಿದೆ ಎಂದು ತಿಳಿಯಲು ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಜಾನ್ ಸ್ಕಾಟ್ ಕೆಲ್ಟಿಯನ್ನು ಯೂರೋಪಿಗೆ ಕಳಿಸಿತು. ಅವನ ವರದಿ ಓದಿದ ಮೇಲೆ ಸೊಸೈಟಿ ಹಣದ ಚೀಲ ಬಿಚ್ಚಿತು. ಮ್ಯಾಕಿಂಡರನ ಹುದ್ದೆ ಹುಟ್ಟಿದ್ದು ಹಾಗೆ.

ನೇಮಕವಾಗುವ ಕೆಲವು ತಿಂಗಳ ಮೊದಲು, 1887ರ ಜನವರಿಯಲ್ಲಿ, ಮ್ಯಾಕಿಂಡರ್ ಅದೇ ಸೊಸೈಟಿಯ ಮುಂದೆ ಒಂದು ಪ್ರಬಂಧ ಓದಿದ್ದ. ಬೆಟ್ಟ, ನದಿ, ಮಳೆಯ ಅಧ್ಯಯನವನ್ನು ಭೂವಿಜ್ಞಾನಿಗಳಿಗೂ ರಾಜ್ಯ, ಪಟ್ಟಣ, ವ್ಯಾಪಾರದ ಅಧ್ಯಯನವನ್ನು ಇತಿಹಾಸಕಾರರಿಗೂ ಹಂಚಿಬಿಟ್ಟರೆ ಇವೆರಡರ ಸಂಬಂಧವನ್ನು ನೋಡುವವರೇ ಇರುವುದಿಲ್ಲ ಎಂಬುದು ಅವನ ವಾದ. ಪ್ರಕೃತಿ ವಿಜ್ಞಾನಕ್ಕೂ ಮಾನವಿಕ ವಿಷಯಗಳಿಗೂ ನಡುವಿನ ಸೇತುವೆಯಾಗಿ ಭೂಗೋಳ ನಿಲ್ಲಬೇಕು ಎಂದ. ಈ ಮಾತಿನಲ್ಲಿ ವಿಷಯದ ಬಲವೂ ಇತ್ತು, ಅದರ ತೊಂದರೆಯೂ ಇತ್ತು. ಸೇತುವೆ ಎರಡೂ ದಡಕ್ಕೆ ಬೇಕು, ಆದರೆ ಅದರ ದುರಸ್ತಿಯ ಖರ್ಚನ್ನು ಯಾವ ದಡದವರು ಕೊಡಬೇಕು ಎಂಬ ಜಗಳ ಮುಗಿಯುವುದಿಲ್ಲ.

ಆಕ್ಸ್‌ಫರ್ಡಿನಲ್ಲಿ ಭೂಗೋಳ ಶಾಲೆ ತೆರೆದದ್ದು 1899ರಲ್ಲಿ. ಅದೇ ವರ್ಷ ಮ್ಯಾಕಿಂಡರ್ ಮೌಂಟ್ ಕೀನ್ಯಾದ ತುದಿಯನ್ನು ಮೊದಲ ಬಾರಿಗೆ ಹತ್ತಿಬಂದ. ಅಲ್ಲಿ ಸಿಗುತ್ತಿದ್ದದ್ದು ಡಿಪ್ಲೊಮಾ ಮಾತ್ರ. ಆನರ್ಸ್ ಪದವಿ ಮೊದಲು ಬಂದದ್ದು ಹೊಸ ಸಂಸ್ಥೆಗಳಲ್ಲಿ: 1917ರಲ್ಲಿ ಲಿವರ್‌ಪೂಲ್, ಅದರ ಹಿಂದೆಯೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. 1919ರಲ್ಲಿ ಕೇಂಬ್ರಿಡ್ಜ್ ಒಪ್ಪಿತು. ಆಕ್ಸ್‌ಫರ್ಡ್ ಪೂರ್ಣ ಪದವಿಯನ್ನೂ ಪ್ರಾಧ್ಯಾಪಕ ಪೀಠವನ್ನೂ ಕೊಟ್ಟದ್ದು 1930ರ ದಶಕದ ಆರಂಭದಲ್ಲಿ. 1932ರಲ್ಲಿ ಆ ಪೀಠದಲ್ಲಿ ಮೊದಲು ಕುಳಿತವನು ಕೆನೆತ್ ಮೇಸನ್. ಅವನು ಭೂಗೋಳ ಕಲಿತದ್ದು ತರಗತಿಯಲ್ಲಲ್ಲ, ಸರ್ವೆ ಆಫ್ ಇಂಡಿಯಾದ ಅಧಿಕಾರಿಯಾಗಿ ಹಿಮಾಲಯ, ಕಾರಕೋರಂ ಅಳೆಯುತ್ತ.

ಅಮೆರಿಕದಲ್ಲಿ ಕತೆ ತಿರುವುಮುರುವಾಗಿ ನಡೆಯಿತು. ಹಾರ್ವರ್ಡಿನಲ್ಲಿ ಭೂಗೋಳ ಭೂವಿಜ್ಞಾನದ ಆಶ್ರಯದಲ್ಲಿ ಬೆಳೆದಿತ್ತು. ಡರ್ವೆಂಟ್ ವಿಟ್ಲ್‌ಸಿ ಅಲ್ಲಿ ಹೆಸರುವಾಸಿ ಪ್ರಾಧ್ಯಾಪಕ. ಎರಡನೇ ಮಹಾಯುದ್ಧದಲ್ಲಿ ಭೂಗೋಳದವರಿಗೆ ಬೇಡಿಕೆ ಏರಿತ್ತು, ನಕ್ಷೆ ಓದಬಲ್ಲವರು, ದೂರದೇಶಗಳ ನೆಲ ಬಲ್ಲವರು ಗುಪ್ತಚರ ಕಚೇರಿಗಳಿಗೂ ಬೇಕಾಗಿದ್ದರು. ಯುದ್ಧ ಮುಗಿದ ಮೇಲೆ ಎಡ್ವರ್ಡ್ ಆಕರ್‌ಮನ್ ಎಂಬ ಯುವ ಅಧ್ಯಾಪಕನ ಬಡ್ತಿಯ ಪ್ರಶ್ನೆ ಬಂತು. ಭೂವಿಜ್ಞಾನದ ಮುಖ್ಯಸ್ಥ ಮಾರ್ಲಂಡ್ ಬಿಲ್ಲಿಂಗ್ಸ್ ವಿರೋಧಿಸಿದ. ಮಾನವ ಭೂಗೋಳಕ್ಕೆ ಕೊಡುವ ಹುದ್ದೆಯೆಂದರೆ ಭೂವಿಜ್ಞಾನಕ್ಕೆ ತಪ್ಪುವ ಹುದ್ದೆ ಎಂಬ ಲೆಕ್ಕ ಅಲ್ಲಿತ್ತು. ಒಂದು ಬಡ್ತಿಯ ಜಗಳ ಬೆಳೆದು, ಭೂಗೋಳ ವಿಶ್ವವಿದ್ಯಾಲಯಕ್ಕೆ ತಕ್ಕ ವಿಷಯವೇ ಎಂಬಲ್ಲಿಗೆ ಮುಟ್ಟಿತು. ಅಧ್ಯಕ್ಷ ಜೇಮ್ಸ್ ಕೊನೆಂಟ್ ರಸಾಯನ ವಿಜ್ಞಾನಿ, ಅಣುಬಾಂಬ್ ಯೋಜನೆಯ ಮೇಲ್ವಿಚಾರಕರಲ್ಲಿ ಒಬ್ಬ. ಭೂಗೋಳವೆಂದರೆ ನಿಖರವಾಗಿ ಏನು ಎಂಬುದಕ್ಕೆ ಅವನಿಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ಹಾರ್ವರ್ಡಿನಲ್ಲೇ ಓದಿ ದೇಶದ ಪ್ರಭಾವಿ ಭೂಗೋಳಜ್ಞನಾಗಿದ್ದ ಐಸಾಯಾ ಬೋಮನ್ ಕೂಡ ವಿಭಾಗದ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ. ವಿಟ್ಲ್‌ಸಿಯ ಖಾಸಗಿ ಬದುಕಿನ ಬಗ್ಗೆ ಇದ್ದ ಪೂರ್ವಗ್ರಹವೂ ಇದರಲ್ಲಿ ಕೆಲಸ ಮಾಡಿತು ಎಂದು ಮುಂದಿನ ಸಂಶೋಧಕರು ಬರೆದಿದ್ದಾರೆ. 1948ರಲ್ಲಿ ಭೂಗೋಳದ ಕಲಿಕೆಯನ್ನು ನಿಲ್ಲಿಸುವ ತೀರ್ಮಾನವಾಯಿತು. ವಿಟ್ಲ್‌ಸಿ 1956ರಲ್ಲಿ ಸಾಯುವವರೆಗೆ ಒಬ್ಬಂಟಿಯಾಗಿ ಉಳಿದ. ಮುಂದಿನ ದಶಕಗಳಲ್ಲಿ ಯೇಲ್, ಕೊಲಂಬಿಯಾ, ಶಿಕಾಗೋಗಳಲ್ಲೂ ವಿಭಾಗಗಳು ಮುಚ್ಚಿದವು.

ಇದಕ್ಕೆ ಒಂದೇ ವರ್ಷ ಹಿಂದೆ, 1947ರಲ್ಲಿ, ಭಾರತದಲ್ಲಿ ನೆಲದ ಮೇಲೆ ಗೆರೆ ಎಳೆಯುವ ಕೆಲಸ ನಡೆದಿತ್ತು. ಪಂಜಾಬ್ ಮತ್ತು ಬಂಗಾಳವನ್ನು ಭಾಗ ಮಾಡಲು ಬಂದ ಸಿರಿಲ್ ರಾಡ್‌ಕ್ಲಿಫ್ ವಕೀಲ. ಅವನು ಅದಕ್ಕೆ ಮೊದಲು ಭಾರತ ನೋಡಿದವನಲ್ಲ, ಸಿಕ್ಕಿದ್ದು ಸುಮಾರು ಐದು ವಾರ. ಲಂಡನ್ನಿನ ಭೂಗೋಳ ಅಧ್ಯಾಪಕ ಆಸ್ಕರ್ ಸ್ಪೇಟ್ ಆಗ ಲಾಹೋರಿನಲ್ಲಿದ್ದ, ಆದರೆ ಆಯೋಗದೊಳಗಲ್ಲ. ಅಹ್ಮದೀಯ ಸಮುದಾಯದ ಸಲಹೆಗಾರನಾಗಿ, ಆಯೋಗದ ಮುಂದಿಡುವ ವಾದಕ್ಕೆ ನಕ್ಷೆ ಅಂಕಿಅಂಶ ಹೊಂದಿಸುತ್ತಿದ್ದ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೂಗೋಳ ಬೋಧಿಸುತ್ತಿದ್ದ ಎಸ್. ಪಿ. ಚಟರ್ಜಿ ಅದೇ ವರ್ಷ ಬಂಗಾಳದ ವಿಭಜನೆಯ ಮೇಲೆ ನಕ್ಷೆಗಳ ಸಮೇತ ಪುಸ್ತಕ ಪ್ರಕಟಿಸಿದರು. ಯಾವ ಹೊಳೆ ಎಲ್ಲಿ ಹರಿಯುತ್ತದೆ, ಯಾವ ಕಾಲುವೆಯ ತಲೆ ಯಾವ ಕಡೆ ಬರುತ್ತದೆ, ಯಾವ ಸಂತೆಗೆ ಯಾವ ಊರಿನ ಸರಕು ಹೋಗುತ್ತದೆ ಎಂಬುದು ಲಕ್ಷಾಂತರ ಜನರ ಬದುಕಿನ ಪ್ರಶ್ನೆಯಾಗಿತ್ತು. ಇವೆಲ್ಲವನ್ನೂ ಒಟ್ಟಿಗೆ ನೋಡುವುದೇ ಮ್ಯಾಕಿಂಡರ್ ಕೇಳಿದ್ದ ವಿಷಯ, ಹಾರ್ವರ್ಡ್ ಬೇಡವೆಂದ ವಿಷಯ.

ಸ್ವತಂತ್ರ ಭಾರತ ಆ ದಾರಿ ಹಿಡಿಯಲಿಲ್ಲ. ಮದರಾಸಿನಲ್ಲಿ 1926ರಷ್ಟು ಹಿಂದೆಯೇ ಶಾಲಾ ಅಧ್ಯಾಪಕರ ಉತ್ಸಾಹದಿಂದ ಭೂಗೋಳದ ಸಂಘ ಹುಟ್ಟಿತ್ತು. 1956ರಲ್ಲಿ, ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಬದಲಾದ ವರ್ಷವೇ, ಚಟರ್ಜಿಯವರ ಮುಂದಾಳತ್ವದಲ್ಲಿ ಕಲ್ಕತ್ತಾದಲ್ಲಿ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ ಶುರುವಾಯಿತು. 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಮಾನವ ಭೂಗೋಳ ವಿಭಾಗ ತೆರೆಯಿತು. ಅದರ ಹಿಂದಿದ್ದವರು ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಏಕೀಕರಣವಾದ ಹೊಸತರಲ್ಲಿ ನಮ್ಮ ರಾಜ್ಯಕ್ಕೂ ಈ ವಿದ್ಯೆ ಬಂತು. ಬ್ರಿಟಿಷ್ ಭೂಗೋಳಜ್ಞ ಲಿಯರ್‌ಮಂತ್ ಮತ್ತು ಎಲ್. ಎಸ್. ಭಟ್ ಮೊದಲಾದವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಮೂಲಕ ಮೈಸೂರು ರಾಜ್ಯದ ಸಂಪನ್ಮೂಲಗಳ ಅಟ್ಲಾಸ್ ತಂದರು. ಹಲವು ಆಡಳಿತಗಳಿಂದ ಬಂದು ಕೂಡಿದ ಜಿಲ್ಲೆಗಳನ್ನು ಒಂದೇ ಅಳತೆಯ ನಕ್ಷೆಗಳಲ್ಲಿ ಇಡುವ ಕೆಲಸ ಅದು.

ಹಾರ್ವರ್ಡಿನ ಕತೆಗೆ ಇನ್ನೊಂದು ತುಣುಕು ಉಳಿದಿದೆ. 1965ರಲ್ಲಿ ಅಲ್ಲಿನ ವಿನ್ಯಾಸ ಶಾಲೆಯಲ್ಲಿ ಹವರ್ಡ್ ಫಿಶರ್ ಎಂಬ ವಾಸ್ತುಶಿಲ್ಪಿ ಕಂಪ್ಯೂಟರಿನಿಂದ ನಕ್ಷೆ ತಯಾರಿಸುವ ಪ್ರಯೋಗಾಲಯ ತೆರೆದ. ಅಲ್ಲಿ ಕೆಲಸ ಕಲಿತ ಜಾಕ್ ಡೇಂಜರ್ಮಂಡ್ 1969ರಲ್ಲಿ ಎಸ್ರಿ ಎಂಬ ಕಂಪನಿ ಕಟ್ಟಿದ. ಇಂದು ಜಿಐಎಸ್ ತಂತ್ರಾಂಶವೆಂದರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ಅದೊಂದು. ವಿಭಾಗವನ್ನು ಮುಚ್ಚಿದ ಜಾಗದಲ್ಲೇ ವಿದ್ಯೆ ಬೇರೆ ಹೆಸರಿನಲ್ಲಿ ತಲೆಯೆತ್ತಿತು. ಆದರೆ ನಕ್ಷೆ ಮಾಡುವ ಕೌಶಲ ಉಳಿದ ಮಾತ್ರಕ್ಕೆ, ನೆಲವನ್ನೂ ಜನರನ್ನೂ ಒಟ್ಟಿಗೆ ನೋಡಲು ಹದಿನೆಂಟರ ಹುಡುಗ ಹುಡುಗಿಯರನ್ನು ಮೂರು ವರ್ಷ ಪಳಗಿಸುವ ತರಗತಿ ಉಳಿದಂತಾಗುವುದಿಲ್ಲ. 2006ರಲ್ಲಿ ಹಾರ್ವರ್ಡ್ ಭೌಗೋಳಿಕ ವಿಶ್ಲೇಷಣೆಗೆ ಒಂದು ಕೇಂದ್ರವನ್ನು ತೆರೆಯಿತು. ಭೂಗೋಳದ ಹಳೆಯ ವಿಭಾಗ ಮರಳಿ ಬರಲಿಲ್ಲ.

ಭಾರತದಲ್ಲಿ ಇವತ್ತಿಗೂ ಭೂಗೋಳ ಒಂದು ವಿಶ್ವವಿದ್ಯಾಲಯದಲ್ಲಿ ಬಿ.ಎ., ಇನ್ನೊಂದರಲ್ಲಿ ಬಿ.ಎಸ್ಸಿ., ಕೆಲವೆಡೆ ಎರಡೂ. ಕಲಾ ವಿಭಾಗದ ವಿದ್ಯಾರ್ಥಿಯಾಗಿದ್ದರೂ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು, ಸಮೋನ್ನತಿ ರೇಖೆ ಎಳೆಯಬೇಕು, ಊರೊಂದಕ್ಕೆ ಹೋಗಿ ಮನೆಮನೆ ಸುತ್ತಿ ವರದಿ ಬರೆಯಬೇಕು. ಆಡಳಿತದವರಿಗೆ ಇದು ಎಲ್ಲೂ ಸರಿಯಾಗಿ ಕೂರದ ವಿಷಯ. 1887ರಲ್ಲಿ ಮ್ಯಾಕಿಂಡರ್ ಅದಕ್ಕಾಗಿ ಕೇಳಿದ್ದು ಸರಿಯಾಗಿ ಅಂಥ ಜಾಗವನ್ನೇ.