ದಾರಿಖರ್ಚು ಯಾರದು?

ಕಂಪ್ಯೂಟರ್, ದೂರವಾಣಿ, ಮೋಟಾರು ವಾಹನ ಇವುಗಳ ಒಳಗಿರುವ ಚಿಪ್‌ಗಳಲ್ಲಿ ಎಷ್ಟೋ ಮಲೇಷ್ಯಾದ ಪೆನಾಂಗ್ ದ್ವೀಪವನ್ನು ಹಾದು ಬಂದಂಥವು. ಬೇರೆಡೆ ತಯಾರಾದ ಸಿಲಿಕಾನ್ ಬಿಲ್ಲೆಗಳನ್ನು ಕತ್ತರಿಸಿ, ಕವಚ ತೊಡಿಸಿ, ಪರೀಕ್ಷಿಸಿ ಕಳುಹಿಸುವುದು ಅಲ್ಲಿನ ಕಾರ್ಖಾನೆಗಳ ಕೆಲಸ. ಈ ಕೆಲಸಕ್ಕೆ ಬಹಳ ಕೈಗಳು ಬೇಕು. ಆ ಕೈಗಳು ಹೊರನಾಡಿನಿಂದ ಬರುವಾಗ ದಾರಿಖರ್ಚನ್ನು ಯಾರು ಕೊಡಬೇಕು? ಈ ಪ್ರಶ್ನೆ ಚಿಪ್‌ಗಿಂತ ಬಹಳ ಹಳೆಯದು.

ನೂರು ವರ್ಷಗಳ ಹಿಂದೆ ಇದೇ ಪೆನಾಂಗ್ ಬಂದರಿನಲ್ಲಿ ಮದರಾಸು ಪ್ರಾಂತ್ಯದ ಕೂಲಿಗಳು ಹಡಗಿನಿಂದ ಇಳಿಯುತ್ತಿದ್ದರು. ಕರಾರಿಗೆ ಒಳಪಟ್ಟವರು ಹಡಗಿನ ಸಾಲ ತೀರುವವರೆಗೂ ಒಬ್ಬನೇ ಧಣಿಯ ಬಳಿ ದುಡಿಯಬೇಕಿತ್ತು. 1907ರಲ್ಲಿ ವಸಾಹತು ಸರ್ಕಾರ ತಮಿಳು ವಲಸೆ ನಿಧಿಯನ್ನು ಸ್ಥಾಪಿಸಿತು. ಕೂಲಿಗಳನ್ನು ದುಡಿಸಿಕೊಳ್ಳುವವರಿಂದ ತೆರಿಗೆ ಎತ್ತಿ, ಅದರಿಂದಲೇ ಪ್ರಯಾಣದ ವೆಚ್ಚ ಭರಿಸಲಾಯಿತು. ಇದರ ಹಿಂದೆ ಕೂಲಿಗಳ ಮೇಲಿನ ಕರುಣೆಗಿಂತ ತೋಟದ ಮಾಲೀಕರ ಲೆಕ್ಕಾಚಾರವೇ ಹೆಚ್ಚಾಗಿತ್ತು. ಒಬ್ಬ ಹಣ ಕೊಟ್ಟು ಕರೆತಂದ ಆಳನ್ನು ಇನ್ನೊಬ್ಬ ಸೆಳೆದುಕೊಂಡರೆ ನಷ್ಟವಾಗುತ್ತಿತ್ತು. ನಿಧಿಯಿಂದ ಆ ಖರ್ಚು ಎಲ್ಲರಿಗೂ ಹಂಚಿಹೋಯಿತು. 1910ರಲ್ಲಿ ಕರಾರು ಕೂಲಿ ಪದ್ಧತಿ ನಿಂತಿತು. ಆದರೂ ಕೂಲಿ ಕಡಿಮೆಯೇ ಇತ್ತು, ಕಂಗಾಣಿಯ ಹಿಡಿತವೂ ಉಳಿಯಿತು. 1938ರಲ್ಲಿ ಭಾರತ ಸರ್ಕಾರವೇ ಈ ರವಾನೆಯನ್ನು ನಿಷೇಧಿಸಿತು. ಕೂಲಿಯನ್ನು ಕರೆತರುವ ಖರ್ಚು ದುಡಿಸಿಕೊಳ್ಳುವವನದು ಎಂಬ ತತ್ತ್ವವನ್ನಂತೂ ಆ ಕಾಲ ಒಪ್ಪಿಕೊಂಡಿತ್ತು.

ಮುಂದೆ 1972ರಲ್ಲಿ, ಮುಖ್ಯಮಂತ್ರಿ ಲಿಮ್ ಚೊಂಗ್ ಯು ಅವರ ಆಡಳಿತದಲ್ಲಿ, ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ತೆರೆಯಿತು. ಇಂಟೆಲ್ ಅದೇ ವರ್ಷ ಅಲ್ಲಿಗೆ ಬಂದಿತು. ಮೊದಲು ದುಡಿದವರಲ್ಲಿ ಹೆಚ್ಚಿನವರು ಮಲಯ ಹಳ್ಳಿಗಳ ಹುಡುಗಿಯರು. ಸ್ಥಳೀಯರು ಸಾಲದೆಹೋದಾಗ ಇಂಡೊನೇಷ್ಯಾ, ಬಾಂಗ್ಲಾದೇಶ, ನೇಪಾಳ, ಮ್ಯಾನ್ಮಾರ್‌ಗಳಿಂದ ಜನ ಬಂದರು. ಇವರಲ್ಲಿ ಬಹುತೇಕರು ಊರಿನಲ್ಲಿ ಸಾಲ ಮಾಡಿ ದಲ್ಲಾಳಿಗೆ ಹಣ ಕೊಟ್ಟೇ ವಿಮಾನ ಹತ್ತಿದವರು. ಕೆಲಸದ ಪರವಾನಗಿ ಒಬ್ಬ ಮಾಲೀಕನಿಗೆ ಕಟ್ಟುಬಿದ್ದದ್ದು. ಅವನನ್ನು ಬಿಟ್ಟುಹೋದವರು ಅಕ್ರಮ ವಾಸಿಗಳು. ಹಿಂದೆ ಕರಾರುಪತ್ರ ಮಾಡುತ್ತಿದ್ದ ಕೆಲಸವನ್ನು ಈಗ ಸಾಲ ಮತ್ತು ಪರವಾನಗಿ ಸೇರಿ ಮಾಡತೊಡಗಿದವು. ಇನ್ನೊಬ್ಬರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು 1966ರ ಕಾಯಿದೆ ನಿಷೇಧಿಸಿದ್ದರೂ ಅದನ್ನು ಕಿತ್ತಿಟ್ಟುಕೊಳ್ಳುವುದು ರೂಢಿಯಾಯಿತು.

2014ರಲ್ಲಿ ವೆರಿಟೆ ಎಂಬ ಸಂಸ್ಥೆ ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ 501 ಕಾರ್ಮಿಕರನ್ನು ಮಾತನಾಡಿಸಿತು. ಅವರಲ್ಲಿ ಶೇಕಡ 28 ಮಂದಿ ಬಲವಂತದ ದುಡಿಮೆಯ ಸ್ಥಿತಿಯಲ್ಲಿದ್ದಾರೆಂದು ಅದರ ವರದಿ ಹೇಳಿತು. ಮರುವರ್ಷ ಎಲೆಕ್ಟ್ರಾನಿಕ್ಸ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ, ನೇಮಕಾತಿ ಶುಲ್ಕವನ್ನು ಕಾರ್ಮಿಕರಿಂದ ಪಡೆಯಕೂಡದೆಂದು ತನ್ನ ನಿಯಮಾವಳಿ ತಿದ್ದಿತು. ವಿದೇಶಿ ಕಾರ್ಮಿಕರ ಮೇಲಿನ ಸರ್ಕಾರಿ ತೆರಿಗೆಯದೂ ಇಂಥದೇ ಕಥೆ. 2013ರಲ್ಲಿ ಅದನ್ನು ಸಂಬಳದಿಂದ ಮುರಿದುಕೊಳ್ಳಲು ಅನುಮತಿ ಸಿಕ್ಕಿತು; 2018ರಲ್ಲಿ ಭಾರ ಮತ್ತೆ ಮಾಲೀಕರ ಹೆಗಲಿಗೆ ಬಂತು.

ಆದರೆ ನಿಯಮ ಬರೆದವರು ದೂರದಲ್ಲಿದ್ದಾರೆ. ದಲ್ಲಾಳಿ ಹಳ್ಳಿಯಲ್ಲೇ ಇದ್ದಾನೆ. ಅವನು ರಸೀದಿ ಕೊಡುವುದಿಲ್ಲ. ಲೆಕ್ಕ ತಪಾಸಣೆಗೆ ಬಂದವರಿಗೆ ಕಾರ್ಖಾನೆಯ ಕಡತ ಶುದ್ಧವಾಗಿ ಕಾಣಬಹುದು. ಸಾಲ ಮಾತ್ರ ನೇಪಾಳದ ಮನೆಯಲ್ಲಿ ಬಡ್ಡಿ ಬೆಳೆಸುತ್ತಿರುತ್ತದೆ. ಧಣಿ ಮೊದಲೇ ಕೊಡಬೇಕಿದ್ದ ದಾರಿಖರ್ಚನ್ನು ಕಾರ್ಮಿಕ ತನ್ನ ಸಂಬಳದಲ್ಲಿ ತಿಂಗಳು ತಿಂಗಳೂ ತೀರಿಸುತ್ತಾನೆ.