ಕ್ಷಯರೋಗದ ಔಷಧಗಳಿಗೆ ತೀವ್ರ ಅಲರ್ಜಿ: ಆನುವಂಶಿಕ ಕಾರಣಗಳ ಶೋಧನೆಯ ಇತಿಹಾಸ

ಕ್ಷಯದ ಔಷಧ ಸೇವಿಸುವ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಆ ಔಷಧದ ವಿರುದ್ಧವೇ ತಿರುಗಿಬೀಳುತ್ತದೆ. ಜ್ವರ, ಮೈತುಂಬ ದದ್ದು ಮತ್ತು ಯಕೃತ್ತಿನಂಥ ಅಂಗಗಳ ಉರಿಯೂತ ಒಟ್ಟಾಗಿ ಕಾಣುವ ‘ಡ್ರೆಸ್’, ಚರ್ಮ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಇದರ ತೀವ್ರ ರೂಪಗಳು. ಇವು ವಿರಳವಾದರೂ ಪ್ರಾಣಾಂತಿಕವಾಗಬಲ್ಲವು. ಔಷಧ ಮುಂದುವರಿಸಿದರೆ ಪ್ರತಿಕ್ರಿಯೆ ವಿಕೋಪಕ್ಕೆ ಹೋಗುತ್ತದೆ, ನಿಲ್ಲಿಸಿದರೆ ಕ್ಷಯ ಉಲ್ಬಣಿಸುತ್ತದೆ. ಆದ್ದರಿಂದಲೇ ಅಪಾಯವನ್ನು ಮೊದಲೇ ಗುರುತಿಸುವುದು ಅಗತ್ಯ.

ಕಿಣ್ವದ ಜಾಡು

1952ರಲ್ಲಿ ಕ್ಷಯದ ಔಷಧ ಐಸೋನಿಯಜಿಡ್ ಬಳಕೆಗೆ ಬಂತು. ಅದನ್ನು ಕೆಲವರ ದೇಹ ಬೇಗ, ಕೆಲವರದು ನಿಧಾನವಾಗಿ ವಿಲೇವಾರಿ ಮಾಡುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ನಿಧಾನದವರಲ್ಲಿ ಕೈಕಾಲುಗಳ ನರಗಳಿಗೆ ಹಾನಿ ಹೆಚ್ಚು. ಈ ಗುಣ ವಂಶಪಾರಂಪರ್ಯವಾದುದೆಂದು 1960ರಲ್ಲಿ ಪ್ರೈಸ್ ಇವಾನ್ಸ್ ಮತ್ತು ಸಂಗಡಿಗರು ತೋರಿಸಿದರು. 1956ರಲ್ಲಿ ಆರಂಭವಾದ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ವಾರಕ್ಕೊಮ್ಮೆ ಔಷಧ ಕೊಡುವ ಕ್ರಮವು ಬೇಗ ವಿಲೇವಾರಿ ಮಾಡುವವರಿಗೆ ಸಾಲದೆಂದು ಕಂಡುಕೊಂಡಿತು. ಈ ವ್ಯತ್ಯಾಸದ ಮೂಲ, ಐಸೋನಿಯಜಿಡ್ ವಿಲೇವಾರಿ ಮಾಡುವ ಕಿಣ್ವವನ್ನು ರೂಪಿಸುವ ಎನ್‌ಎಟಿ-2 ಜೀನ್. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನದ ಗುಂಪಿನವರು. ಅವರಿಗೆ ಯಕೃತ್ತಿನ ಹಾನಿಯ ಅಪಾಯವೂ ಹೆಚ್ಚು. ಆದರೆ ಇದು ಮುಖ್ಯವಾಗಿ ವಿಷಪರಿಣಾಮದ ಕಥೆ. ಅಲರ್ಜಿಯನ್ನು ವಿವರಿಸಲು ಇದೊಂದೇ ಸಾಲದು.

ರೋಗನಿರೋಧಕ ಜೀನ್‌ಗಳು

ಜೀವಕೋಶದ ಹೊರಮೈಯಲ್ಲಿರುವ ಎಚ್‌ಎಲ್‌ಎ ಅಣುಗಳು ಪ್ರೋಟೀನಿನ ತುಣುಕುಗಳನ್ನು ಹಿಡಿದು ಟಿ-ಕೋಶಗಳಿಗೆ ತೋರಿಸುತ್ತವೆ. ಔಷಧವು ಈ ಅಣುಗಳಿಗೆ ಅಂಟಿಕೊಂಡಾಗ ಟಿ-ಕೋಶಗಳು ಕೆರಳಬಹುದು. 2002ರಲ್ಲಿ ಎಚ್‌ಐವಿ ಔಷಧ ಅಬಕವಿರ್‌ನ ಅಲರ್ಜಿಗೂ ಎಚ್‌ಎಲ್‌ಎ-ಬಿ*57:01 ಎಂಬ ಜೀನ್ ವಿಧಕ್ಕೂ, 2004ರಲ್ಲಿ ಅಪಸ್ಮಾರದ ಔಷಧ ಕಾರ್ಬಮಜೆಪಿನ್‌ನ ಅಲರ್ಜಿಗೂ ಎಚ್‌ಎಲ್‌ಎ-ಬಿ*15:02ಕ್ಕೂ ನಂಟು ಸಿಕ್ಕಿದ್ದು ಈ ಕ್ಷೇತ್ರಕ್ಕೆ ದೊಡ್ಡ ತಿರುವು. ಕ್ಷಯದ ಔಷಧಗಳಿಂದಾಗುವ ಯಕೃತ್ತಿನ ಹಾನಿಗೆ ಎಚ್‌ಎಲ್‌ಎ-ಡಿಕ್ಯೂಬಿ1*0201ರ ಸಂಬಂಧವನ್ನು ದೆಹಲಿಯ ಸಂಶೋಧಕರು 2002ರಲ್ಲೇ ವರದಿ ಮಾಡಿದ್ದರು. ಚರ್ಮದ ಪ್ರತಿಕ್ರಿಯೆಗಳಲ್ಲೂ ಇಂಥ ಕುರುಹುಗಳಿಗಾಗಿ ಕೊರಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಹುಡುಕಾಟ ನಡೆದಿದೆ.

ತೊಡಕುಗಳು

ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವುದರಿಂದ ಯಾವುದು ಕಾರಣವೆಂದು ಹೇಳುವುದು ಕಷ್ಟ. ಕೇಪ್‌ಟೌನ್‌ನ ವೈದ್ಯರು ರೋಗಿ ಚೇತರಿಸಿಕೊಂಡ ಮೇಲೆ ಔಷಧಗಳನ್ನು ಒಂದೊಂದಾಗಿ, ನಿಗಾದಲ್ಲಿ ಮರಳಿ ಕೊಟ್ಟು ಕಾರಣವನ್ನು ಪತ್ತೆಹಚ್ಚುವ ಕ್ರಮವನ್ನು ಬೆಳೆಸಿದ್ದಾರೆ. ಜೀನ್ ಒಂದೇ ಹೊಣೆಯೂ ಅಲ್ಲ. ಕ್ಷಯದ ಔಷಧ ಥಯಾಸೆಟಜೋನ್ ಪಡೆದ ಎಚ್‌ಐವಿ ಸೋಂಕಿತರಲ್ಲಿ ಸುಮಾರು 20% ಮಂದಿಗೆ ಚರ್ಮದ ಪ್ರತಿಕ್ರಿಯೆಯಾದರೆ, ಸೋಂಕಿಲ್ಲದವರಲ್ಲಿ ಅದು ಸುಮಾರು 1% ಮಾತ್ರ ಎಂದು ನೈರೋಬಿಯ ಅಧ್ಯಯನ 1991ರಲ್ಲಿ ತೋರಿಸಿತು.

ಚಿಕಿತ್ಸೆಯಲ್ಲಿ ಬಳಕೆ

ಎನ್‌ಎಟಿ-2 ಪರೀಕ್ಷಿಸಿ ಐಸೋನಿಯಜಿಡ್ ಪ್ರಮಾಣ ನಿರ್ಧರಿಸಿದರೆ ಯಕೃತ್ತಿನ ಹಾನಿ ತಗ್ಗುತ್ತದೆಂದು ಜಪಾನಿನ ಪ್ರಯೋಗವೊಂದು 2013ರಲ್ಲಿ ತೋರಿಸಿತು. ಅಬಕವಿರ್ ಕೊಡುವ ಮುನ್ನ ಎಚ್‌ಎಲ್‌ಎ ಪರೀಕ್ಷೆ ಮಾಡುವುದು ರೂಢಿಯಾಗಿದ್ದರೂ ಕ್ಷಯದ ಔಷಧಗಳಿಗೆ ಅಂಥ ಪರೀಕ್ಷೆ ವಾಡಿಕೆಗೆ ಬಂದಿಲ್ಲ. ಎಚ್‌ಎಲ್‌ಎ ವಿಧಗಳು ಜನಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುವುದರಿಂದ, ಒಂದೆಡೆ ಸಿಕ್ಕ ಕುರುಹು ಇನ್ನೊಂದೆಡೆ ಉಪಯೋಗಕ್ಕೆ ಬಾರದಿರಬಹುದು. ಕ್ಷಯದ ಹೊರೆ ಹೆಚ್ಚಿರುವ ಭಾರತ ಮತ್ತು ಆಫ್ರಿಕಾದ ಸಮುದಾಯಗಳಲ್ಲೇ ವಿಸ್ತಾರವಾದ ಅಧ್ಯಯನ ನಡೆದಾಗ ಮಾತ್ರ ಈ ಜ್ಞಾನ ಅಲ್ಲಿನ ರೋಗಿಗಳಿಗೆ ರಕ್ಷಣೆಯಾಗಬಲ್ಲದು.